ಹೊಸ್ತಿಲಿನಿಂದ ಶುರುವಾದ ನೆಲ

ಒಂದಾನೊಂದು ಊರಿನಲ್ಲಿ, ಕಂಡವರ ಮನೆಯ ನೆಲವನ್ನೆಲ್ಲ ಕನ್ನಡಿ ಮಾಡಿಕೊಟ್ಟು ತನ್ನ ಅಡುಗೆಮನೆಯನ್ನು ಮಾತ್ರ ಒರಟು ಸಿಮೆಂಟಿನಲ್ಲೇ ಬಿಟ್ಟಿದ್ದ ಒಬ್ಬ ಟೈಲ್ಸ್ ಮೇಸ್ತ್ರಿಯಿದ್ದ. ಕಥೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಒಂದು ಗಿಳಿಯೊಳಗೆ ಇರುತ್ತದಲ್ಲ, ಈ ಮೇಸ್ತ್ರಿಯ ಪ್ರಾಣ ಅಷ್ಟು ದೂರವೇನೂ ಹೋಗಿರಲಿಲ್ಲ. ಅವನ ಬಲ ಮೊಣಕಾಲಿನಲ್ಲೇ ಇತ್ತು. ಅದನ್ನು ನೆಲಕ್ಕೂರಿದರೆ ಅವನು ರಾಜ. ಎದ್ದು ನಿಂತರೆ ಸಾಧಾರಣ ಮನುಷ್ಯ, ಅದೂ ಸಿಡುಕ.

ಆ ಪ್ರಾಣ ಈಗ ಸವೆದಿತ್ತು. ಎದ್ದರೆ ಕಟಕಟ, ಕೂತರೆ ಚುಚ್ಚು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಕೀಲು ಪೂರ್ತಿ ಹೋಗಿದೆ. ಆಪರೇಷನ್ ಮಾಡಿ ಹೊಸದು ಹಾಕಿದರೆ ಚೆನ್ನಾಗಿ ನಡೀತೀರ, ಮೆಟ್ಟಿಲು ಹತ್ತುತೀರ. ಮಂಡಿಯೂರಿ ಮಾಡೋ ಕೆಲಸ ಮಾತ್ರ ಮರೆತುಬಿಡಿ" ಎಂದಿದ್ದರು. ಮೇಸ್ತ್ರಿಗೆ ಕೊನೆಯ ಮಾತೊಂದೇ ಕೇಳಿಸಿತು. ಅವನ ಹೆಂಡತಿಗೆ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿಸಿತು. ಅವತ್ತಿನಿಂದ ಆ ಮನೆಯಲ್ಲಿ ಇಬ್ಬರೂ ಹಲ್ಲು ಕಡಿದುಕೊಂಡೇ ಮಾತಾಡುತ್ತಿದ್ದರು.

"ಅಡುಗೆಮನೆ ನೆಲ ಒಂದು ಹಾಕಿ ಮುಗಿಸ್ತೀನಿ. ಆಮೇಲೆ ಕುಯ್ಸ್ಕೋತೀನಿ," ಎನ್ನುತ್ತಿದ್ದ ಅವನು.

"ಮದುವೆಯಾದ ಹೊಸದರಲ್ಲೂ ಹೀಗೇ ಮಾತು ಕೊಟ್ಟಿದ್ರಿ. ಆ ಟೈಲ್ಸ್ ಪೆಟ್ಟಿಗೆಗಳ ಮೇಲೆ ಇಸ್ತ್ರಿ ಮಾಡಿ ಮಾಡಿ ಅವು ಟೈಲ್ಸ್ ಅನ್ನೋದೇ ನನಗೆ ಮರೆತುಹೋಗಿದೆ," ಎನ್ನುತ್ತಿದ್ದಳು ಅವಳು.

ನೆಲ ಆಗುವವರೆಗೆ ಆಪರೇಷನ್ ಇಲ್ಲ. ಹಾಗಾದರೆ ನೆಲವನ್ನೇ ಹಾಕದಿದ್ದರಾಯಿತು. ಇದು ಅವನ ಒಳಲೆಕ್ಕ. ಅದು ಹೆಂಡತಿಗೆ ಗೊತ್ತಾಗಲು ತಡವಾಯಿತು. ಗೊತ್ತಾದ ಮೇಲೆ ಅವಳು ತಡಮಾಡಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವನು ಹಲ್ಲುಜ್ಜಿ ಬರುವಷ್ಟರಲ್ಲಿ ಅಡುಗೆಮನೆ ಬೋಳಾಗಿತ್ತು. ಪಾತ್ರೆ, ಡಬ್ಬ, ಒಲೆ, ಎಲ್ಲ ಹಿತ್ತಿಲಿಗೆ ಹೋಗಿದ್ದವು.

"ಗೋಂದೂಗೆ ಹೇಳಿದೀನಿ. ತಿಂಡಿ ಮುಗಿಸ್ಕೊಂಡು ಬರ್ತಾನಂತೆ," ಎಂದಳು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ.

ಗೋಂದು ಎಂದರೆ ಒಂದು ಕಾಲಕ್ಕೆ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತು, ಆಮೇಲೆ ಗಾರೆ ಬಿಟ್ಟು ಚೀಲದಲ್ಲಿ ಬರುವ ಅಂಟಿನಿಂದ ಟೈಲ್ಸ್ ಕೂರಿಸತೊಡಗಿದವನು. ಆ ಅಡ್ಡಹೆಸರು ಇಟ್ಟವನು ಮೇಸ್ತ್ರಿಯೇ. ಅವನು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿರಲಿ, ತನ್ನ ವ್ಯಾನಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿಕೊಂಡಿದ್ದ.

"ನನ್ನ ಮನೆ ನೆಲಕ್ಕೆ ಅವನ ಕೈ ಮುಟ್ಟಿಸ್ತೀಯಾ?"

"ನಿಮ್ಮ ಕೈ ಮುಟ್ಟಲಿಲ್ಲವಲ್ಲ! ಯಾರದೋ ಒಂದು ಕೈ ಮುಟ್ಟಲಿ. ನೆಲ ಆದ್ಮೇಲೆ ಯಾವ ನೆಪ ಹುಡುಕ್ತೀರೋ ನಾನೂ ನೋಡ್ತೀನಿ."

ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. ಸಿಮೆಂಟು ಮರಳು ಒಳಗೆಳೆದ, ನೀರು ಸುರಿದು ಗಾರೆ ಕಲಸಿದ, ಪೆಟ್ಟಿಗೆಗಳನ್ನು ಒಂದೊಂದಾಗಿ ಜಾರಿಸಿಕೊಂಡು ಬಂದು ಅಡುಗೆಕಟ್ಟೆಯ ಮೇಲೆ ಪೇರಿಸಿದ. ಬೀದಿಯಲ್ಲಿ ವ್ಯಾನು ನಿಂತ ಸದ್ದಾಯಿತು. ಮಡಿಸಿದ ಗೋಣಿಚೀಲವನ್ನು ಮೊಣಕಾಲಡಿಗೆ ಹಾಕಿ, ನೋವಿಗೆ ಕಣ್ಣು ಮುಚ್ಚಿ ಕೆಳಗಿಳಿದ. ಮೊದಲ ಟೈಲನ್ನು ಹೊಸ್ತಿಲಿಗೇ ಬಡಿದು ಕೂರಿಸಿದ. ಅದರ ಪಕ್ಕದಲ್ಲಿ ಇನ್ನೊಂದು. ಗೋಂದು ಬಂದು ಬಾಗಿಲಲ್ಲಿ ನಿಲ್ಲುವಷ್ಟರಲ್ಲಿ ಹೊಸ್ತಿಲುದ್ದಕ್ಕೂ ಹಸಿ ನೆಲ.

"ಕಾಲಿಟ್ಟು ನೋಡು ಮಗನೇ, ಕಾಲೇ ಮುರೀತೀನಿ!"

ಗೋಂದು ಕಾಲಿಡಲಿಲ್ಲ. ಹಾಕಿದ ಸಾಲನ್ನು ನೋಡಿದ, ಮೇಸ್ತ್ರಿಯ ಮುಖ ನೋಡಿದ, ತುಟಿ ಕಚ್ಚಿಕೊಂಡು ಹೊರಗೆ ಜಗಲಿಯ ಮೇಲೆ ಆರಾಮಾಗಿ ಕೂತ. "ಅಕ್ಕಾ, ಒಂದು ಕಾಫಿ ಕೊಡಿ. ಸಂಜೆವರೆಗೂ ಇರ್ತೀನಿ," ಎಂದ.

ಅದೊಂದು ಕೆಲಸ ಮೇಸ್ತ್ರಿ ನಿದ್ದೆಗಣ್ಣಲ್ಲೂ ಮಾಡಬಲ್ಲವನಾಗಿದ್ದ. ಗಾರೆ ಹರಡು, ಟೈಲು ಕೂರಿಸು, ರಬ್ಬರ್ ಸುತ್ತಿಗೆಯಲ್ಲಿ ತಟ್ಟು, ಸದ್ದು ಕೇಳು. ಗಟ್ಟಿ ಸದ್ದಾದರೆ ಮುಂದಕ್ಕೆ. ಟೊಳ್ಳು ಸದ್ದಾದರೆ ಎಬ್ಬಿಸಿ ಮತ್ತೆ ಕೂರಿಸು. ಮೊಣಕಾಲು ಬೆಂಕಿಯಾಗಿತ್ತು. ಆದರೆ ಸಿಟ್ಟಿನ ಮುಂದೆ ಅದರ ಆಟ ನಡೆಯಲಿಲ್ಲ. ಹಾಕಿದ ನೆಲಕ್ಕೆ ಮುಖ ಮಾಡಿ, ಒಂದೊಂದೇ ಸಾಲು ಹಿಂದೆ ಸರಿಯುತ್ತ, ಹಿಂದೆ ಸರಿಯುತ್ತ ಹೋದ. ಹೊತ್ತು ಇಳಿಯುವಾಗ ಬೆನ್ನಿಗೆ ಏನೋ ತಣ್ಣಗೆ ತಾಗಿತು.

ಅಡುಗೆಕಟ್ಟೆ. ಅದರಾಚೆ ಗೋಡೆ. ಮುಂದೆ ಬಾಗಿಲಿನವರೆಗೂ ಹಸಿ ಟೈಲ್ಸ್. ಮೇಸ್ತ್ರಿಯ ಕಾಲಡಿಗೆ ಉಳಿದದ್ದು ಒಂದೇ ಟೈಲಿನಷ್ಟು ಜಾಗ.

ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಅವನು ಹೇಳಿಕೊಡುತ್ತಿದ್ದ ಮೊದಲ ಪಾಠ ಅದು: ಒಳಗೋಡೆಯಿಂದ ಶುರು ಮಾಡು, ಕೊನೆಯ ಟೈಲು ಹೊಸ್ತಿಲಿಗೆ. ಈ ತಪ್ಪಿಗಾಗಿಯೇ ಗೋಂದುವಿನ ಕೆನ್ನೆಗೆ ಬಾರಿಸಿದ್ದ.

"ಏನಣ್ಣಾ," ಬಾಗಿಲಿಂದ ಗೋಂದುವಿನ ದನಿ ಬಂತು, "ನನಗೆ ಕೊಟ್ಟ ಏಟು ವಾಪಸ್ ತಗೋತೀಯಾ, ನಾಳೆ ಬರ್ಲಾ?"

"ಬೆಳಿಗ್ಗೇನೇ ಗೊತ್ತಿತ್ತಾ ನಿನಗೆ?"

"ಮೊದಲನೇ ಟೈಲಿಗೇ ಗೊತ್ತಾಯ್ತು. ಕಾಲು ಮುರೀತೀನಿ ಅಂದೆಯಲ್ಲ, ಅದಕ್ಕೆ ಬಾಯಿ ಮುಚ್ಕೊಂಡು ಕೂತೆ."

"ನಗೋದಕ್ಕೆ ನಿನ್ನ ಕರೆದಿಲ್ಲ," ಹೆಂಡತಿ ಅವನ ಮೇಲೂ ಹರಿಹಾಯ್ದಳು. "ಹೋಗಿ ಏಣಿ ತಗೊಂಡು ಹಿತ್ತಿಲ ಕಡೆಗೆ ಬಾ."

ಅವಳೇ ಮೊದಲು ಹಿತ್ತಿಲು ಸುತ್ತಿ ಬಂದು, ಬಟ್ಟೆ ಒಗೆಯುವ ಕಲ್ಲು ಹತ್ತಿ ನಿಂತು, ಕಟ್ಟೆಯ ಮೇಲಿನ ಕಿಟಕಿಯ ಬಾಗಿಲು ತಳ್ಳಿದಳು. "ಸರಳು ಹಾಕಿಸ್ತೀನಿ ಅಂತ ಇದಕ್ಕೂ ಮಾತು ಕೊಟ್ಟಿದ್ರಿ. ಸದ್ಯ, ಹಾಕಿಸಲಿಲ್ಲ. ಕಟ್ಟೆ ಹತ್ತಿ ಬನ್ನಿ."

ಮೇಸ್ತ್ರಿ ಕಟ್ಟೆ ಹಿಡಿದು ಹೇಗೋ ಎದ್ದು, ಬಲಗಾಲು ಎತ್ತಿದ. ಅದು ಅರ್ಧಕ್ಕೇ ನಿಂತಿತು. ಎಡಗಾಲು ಎತ್ತೋಣವೆಂದರೆ ಬಲಗಾಲು ಮೈಭಾರ ಹೊರಲಿಲ್ಲ. ರೂಢಿಯಂತೆ ಕೈ ತಾನಾಗಿ ಅವಳ ಹೆಗಲಿಗೆ ಚಾಚಿತು. ಅವಳು ಹಿಂದಕ್ಕೆ ಸರಿದಳು.

"ಹೆಗಲು ಇಲ್ಲ."

"ಏನೇ?"

"ದಿನಾ ಏಳೋವಾಗ ಇದನ್ನೇ ಹಿಡ್ಕೊಂಡು ಏಳ್ತೀರ. ಕುರ್ಚಿಯಿಂದ ಏಳೋವಾಗ, ಹಾಸಿಗೆಯಿಂದ ಏಳೋವಾಗ. ಇಲ್ಲಿ ನೋಡಿ!" ಕುಪ್ಪಸ ಸರಿಸಿದಳು. ಅಲ್ಲಿ ಬೆರಳುಗಳು ಒತ್ತಿದ ಕಡೆ ಚರ್ಮ ಹಳದಿ ಕಪ್ಪಾಗಿತ್ತು. "ನಿಮ್ಮ ಮಂಡಿ ಉಳಿಸೋಕೆ ನನ್ನ ಹೆಗಲು ಹೋಗ್ತಿದೆ. ಇವತ್ತಿಗೆ ಮುಗೀತು."

ಮೇಸ್ತ್ರಿ ಆ ಕಲೆಯನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ನೀರಿನ ಖಾಲಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಸಿದು ಕೂತ.

"ಮಂಡಿಯೂರಕ್ಕಾಗದ ಮೇಸ್ತ್ರೀನ ಯಾರು ಕರೀತಾರೆ? ಗೋಂದು ಕೆಲಸ ಮಾಡ್ತಿದ್ರೆ ನಾನು ಕುರ್ಚಿ ಹಾಕ್ಕೊಂಡು ನೋಡ್ತಾ ಕೂರಬೇಕಾ?"

"ಈಗ ಬಕೆಟ್ ಮೇಲೆ ಕೂತಿರೋದಕ್ಕಿಂತ ಕುರ್ಚಿ ವಾಸಿ."

"ನಿನಗೆ ತಮಾಷೆ."

"ನನಗೆ ಹೊಟ್ಟೆ ಉರಿ. ಕೂತ್ಕೊಳ್ಳಿ ಹಾಗೇ. ಗಾರೆ ಒಣಗಿದ ಮೇಲೆ ಬಂದು ಗುಡಿಸ್ತೀನಿ, ನಿಮ್ಮನ್ನೂ ಸೇರಿಸಿ."

ಅವಳು ಕಿಟಕಿಯಿಂದ ಸರಿದಳು. ಮೇಸ್ತ್ರಿ ಹಾಕಿದ ನೆಲವನ್ನೇ ನೋಡುತ್ತ ಕೂತ. ಗೆರೆಗಳು ದಾರ ಹಿಡಿದ ಹಾಗೆ ಬಾಗಿಲಿನವರೆಗೆ ಹೋಗಿದ್ದವು. ಒಳ್ಳೆಯ ಕೆಲಸ. ಮಂಡಿ ಈಗ ತೊಡೆಯವರೆಗೂ ಉರಿಯುತ್ತಿತ್ತು. ಇಂಥ ಇನ್ನೊಂದು ದಿನವನ್ನು ಅದು ಕೊಡುವುದಿಲ್ಲ, ಕುಯ್ಸಿಕೊಂಡರೂ ಅಷ್ಟೇ, ಬಿಟ್ಟರೂ ಅಷ್ಟೇ. ರಾಕ್ಷಸನ ಗಿಳಿ ಯಾವಾಗಲೋ ಸತ್ತಿತ್ತು. ಅವನು ಖಾಲಿ ಪಂಜರಕ್ಕೆ ಕಾವಲು ಕೂತಿದ್ದ.

ಕಟ್ಟೆಗೆ ಬೆನ್ನು ಕೊಟ್ಟು ನಿಂತ. ಎರಡೂ ಅಂಗೈಯನ್ನು ಹಿಂದಕ್ಕೆ ಊರಿ, ಬರೀ ತೋಳಿನ ಬಲದಲ್ಲಿ ಮೈಯೆತ್ತಿ, ಹಲ್ಲು ಕಚ್ಚಿ ಹಿಂದಕ್ಕೆ ಜಾರಿ ಕಟ್ಟೆಯ ಮೇಲೆ ಕೂತ. ಕಾಲಿನ ತುದಿಗೆ ಬಕೆಟ್ಟಿನ ಹಿಡಿ ಸಿಕ್ಕಿಸಿ ಅದನ್ನೂ ಮೇಲಕ್ಕೆಳೆದುಕೊಂಡ.

"ಲೇ," ಎಂದು ಕೂಗಿದ. "ನಾಳೆ ಡಾಕ್ಟರಿಗೆ ಹೇಳು. ದಿನ ಕೊಡಲಿ."

ಅವಳು ಕಿಟಕಿಯ ಕೆಳಗೇ ಇದ್ದಳು. "ನಾನ್ಯಾಕೆ ಹೇಳ್ಲಿ? ಕುಯ್ಯೋದು ನಿಮ್ಮ ಕಾಲು. ನೀವೇ ಹೇಳಿ."

"ಹೇಳ್ತೀನಿ. ಈಗ ಒಳಗೆ ಹತ್ತು. ಒಂದು ಟೈಲು ಬಾಕಿ ಇದೆ. ನನಗೆ ಅಷ್ಟು ಬಗ್ಗಕ್ಕಾಗಲ್ಲ."

ಗೋಂದು ತಂದಿಟ್ಟ ಏಣಿಯಿಂದ ಕಿಟಕಿ ದಾಟಿ ಅವಳು ಕಟ್ಟೆಯ ಮೇಲೆ ಬೋರಲು ಮಲಗಿ, ಎರಡೂ ಕೈ ಕೆಳಗೆ ಇಳಿಬಿಟ್ಟಳು. ಮೇಸ್ತ್ರಿ ಅವಳ ಸೊಂಟ ಹಿಡಿದುಕೊಂಡ. ಕಟ್ಟೆಯ ಮೇಲೆ ಉಳಿದಿದ್ದ ಗಾರೆಯನ್ನು ಅವಳ ಪಕ್ಕಕ್ಕೆ ಸರಿಸಿ, ಅದನ್ನು ಹರಡುವ ಕರಣೆ ಕೊಟ್ಟ.

"ಹರಡು. ದೋಸೆ ಹುಯ್ತಿದ್ದೀಯಾ? ದಪ್ಪಗೆ ಹಾಕು."

"ಕಿವಿ ಹತ್ರ ಕಿರುಚಬೇಡಿ."

"ಮಧ್ಯಕ್ಕೆ ಒತ್ತು. ಮೂಲೆಗಲ್ಲ! ತಟ್ಟು."

ತಟ್ಟಿದಳು. ಡೊಬ್ ಎಂದಿತು.

"ಟೊಳ್ಳು. ಎಬ್ಬಿಸು."

"ಯಾರಿಗೆ ಕೇಳಿಸುತ್ತೆ ಇದು!"

"ನನಗೆ. ಎಬ್ಬಿಸು ಅಂದೆ."

ಬೈಯುತ್ತಲೇ ಎಬ್ಬಿಸಿದಳು. ಮೂಲೆಗೆ ಇನ್ನಷ್ಟು ಗಾರೆ ತುಂಬಿ, ಟೈಲನ್ನು ಮತ್ತೆ ಇಳಿಸಿ, ಅಂಗೈಯಿಂದ ಒತ್ತಿ, ಸುತ್ತಿಗೆಯಲ್ಲಿ ನಾಲ್ಕೂ ಕಡೆ ತಟ್ಟಿದಳು. ಏಣಿಯ ಮೇಲಿನ ಗೋಂದು ಕೂಡ ತಲೆ ಓರೆಮಾಡಿದ.

ಸದ್ದು ಗಟ್ಟಿಯಾಗಿತ್ತು.