ಪಕ್ಕದ ಮನೆಯ ಕಲ್ಲಿದ್ದಲು

ನಮ್ಮ ನಾರಿನ್ ಕಣಿವೆಯಲ್ಲಿ ಚಳಿಗಾಲ ಬಂತೆಂದರೆ ಎಲ್ಲರ ಕಣ್ಣೂ ಪಕ್ಕದ ಮನೆಯ ಹೊಗೆಯ ಮೇಲೆ. ಆ ವರ್ಷ ನೆರೆಯವಳಾದ ಝಿಪಾರ್‌ಳ ಮನೆಯ ಹೊಗೆ ಕಂಡಾಗಲೆಲ್ಲ ಬುರುಲ್‌ಗೆ ಹೊಟ್ಟೆ ಉರಿಯುತ್ತಿತ್ತು. ಇವಳ ಒಲೆಗೆ ಬೆರಣಿ, ಅವಳ ಒಲೆಗೆ ಕಲ್ಲಿದ್ದಲು!

ಬುರುಲ್‌ಳ ಮಗಳು ಐಜಾನ್ ಬೇರೆ ಬಿಡದೆ ಕೆಮ್ಮುತ್ತಿದ್ದಳು. ಕಲ್ಲಿದ್ದಲು ಮುಗಿಯಿತೆಂದು ಶಾಲೆಯಲ್ಲಿ ಒಲೆ ಹಚ್ಚುವುದನ್ನೇ ನಿಲ್ಲಿಸಿದ್ದರು. ಮಕ್ಕಳು ಕೋಟು ಹಾಕಿಕೊಂಡೇ ಪಾಠ ಕೇಳುತ್ತಿದ್ದರು.

"ನಿಂಗೆಲ್ಲಿಂದ ಬಂತೇ ಇಷ್ಟೊಂದು?" ಬುರುಲ್ ಬೇಲಿಯಾಚೆಯಿಂದ ಕೇಳಿದಳು.

"ಸಗಿನ್‌ಬೇಕ್ ಕೊಟ್ಟ ಕಣೆ," ಝಿಪಾರ್ ಬೀಗಿದಳು. "ಮತ್ತೆ ಚುನಾವಣೆಗೆ ನಿಂತಿದ್ದಾನಲ್ಲ. ನಮ್ಮನೇಲಿ ಓಟು ಜಾಸ್ತಿ."

"ನಮ್ಮನೆ ಓಟಿಗೇನು ಹುಳ ಹತ್ತಿದ್ಯಾ?"

ಸಗಿನ್‌ಬೇಕ್ ನಮ್ಮೂರಿನ ಮುಖ್ಯಸ್ಥ. ಶಾಲೆಯ ಉಗ್ರಾಣದ ಬೀಗದ ಕೈಯೂ ಅವನದೇ. ಬುರುಲ್ ನೆಟ್ಟಗೆ ಅವನ ಮನೆಗೆ ಹೋದಳು.

"ಝಿಪಾರ್‌ಗೆ ಕೊಟ್ಟು ನನಗ್ಯಾಕಿಲ್ಲ?"

ಅವನು ನಕ್ಕು ದುಂಡನೆಯ ರೊಟ್ಟಿಯೊಂದನ್ನು ಅವಳ ಕೈಗಿಟ್ಟ. "ಇದನ್ನ ಹಿಡ್ಕೊಂಡು ಆಣೆ ಮಾಡು. ಓಟು ನಂಗೇ ಅಂತ."

ನಮ್ಮ ಜನ ರೊಟ್ಟಿ ಕೆಳಗೆ ಬಿದ್ದರೆ ಎತ್ತಿ ಮುತ್ತಿಡುವವರು. ಆದರೂ ಬುರುಲ್ ಅದನ್ನು ಹಿಡಿದು ಆಣೆ ಮಾಡಿದಳು. ಅವನು ಕೊಟ್ಟ ಕಲ್ಲಿದ್ದಲಿನ ಮೂಟೆಯನ್ನು ಕತ್ತೆಯ ಮೇಲೆ ಹೇರಿಕೊಂಡು ಬಂದು, ಝಿಪಾರ್‌ಗೆ ಚೆನ್ನಾಗಿ ಕಾಣುವ ಕಡೆಯೇ ಇಳಿಸಿದಳು.

ಸಂಜೆ ನರ್ಸ್ ಕುಂದುಜ್ ಐಜಾನ್‌ಳನ್ನು ನೋಡಲು ಬಂದಳು. ಅವಳೆದುರೇ ಬುರುಲ್ ಮೂಟೆ ಬಗ್ಗಿಸಿ ಸುರಿದಳು. ಚೀಲದ ತಳದಲ್ಲಿ ಹೂವಿನ ತೇಪೆ. ಐಜಾನ್‌ಳ ಹಳೆಯ ಲಂಗದ ತುಂಡು! ಶರತ್ಕಾಲದಲ್ಲಿ ಊರ ಹೆಂಗಸರೆಲ್ಲ ಕೂಡಿ ಶಾಲೆಯ ಕಲ್ಲಿದ್ದಲಿಗೆಂದು ಚೀಲ ಹೊಲಿದಿದ್ದರು. ಆ ತೇಪೆ ಹಾಕಿದ್ದು ಬುರುಲ್‌ಳೇ.

"ಅಯ್ಯೋ, ಇದು ಶಾಲೇದು!"

"ಕೆಮ್ಮಿಗೆ ಔಷಧಿ ಕೊಡ್ತೀನಿ," ಅಂದಳು ಕುಂದುಜ್. "ಆ ತಣ್ಣನೆ ಶಾಲೆಗೆ ನನ್ಹತ್ರ ಔಷಧಿ ಇಲ್ಲ."

"ರೊಟ್ಟಿ ಮುಟ್ಟಿ ಆಣೆ ಮಾಡ್ಬಿಟ್ಟೆ ಅಕ್ಕ. ತಪ್ಪಿದ್ರೆ ನಂಗೆ ಒಳ್ಳೇದಾಗುತ್ತಾ?"

"ಅವನು ತನ್ನ ಮನೇದು ಕೊಟ್ನಾ? ನಿನ್ನ ಮಗಳ ಶಾಲೇಲಿ ಒಲೆ ಆರಿಸಿ ನಿಂಗೇ ಕೊಟ್ಟ. ಕದ್ದ ಮಾಲಿಗೆ ಯಾವ ಋಣ? ರೊಟ್ಟಿಗೆ ಅವಮಾನ ಮಾಡಿದವನು ಅವನು. ಓಟು ಹಾಕೋ ಪರದೆ ಹಿಂದೆ ನೀನೊಬ್ಳೇ ಇರ್ತೀಯ, ಯಾರೂ ನೋಡಲ್ಲ."

"ನಾನು ವಾಪಸ್ ಕೊಟ್ರೆ ಆ ಝಿಪಾರ್ ಮಾತ್ರ ಬೆಚ್ಚಗಿರ್ತಾಳೆ!"

"ಅವಳ ಮಗನೂ ಅದೇ ಶಾಲೇಲಿ ನಡುಗ್ತಾ ಕೂತಿರ್ತಾನಲ್ಲೇ."

ಬುರುಲ್ ಚೀಲ ಹಿಡಿದು ಬೇಲಿ ದಾಟಿದಳು. ತೇಪೆ ನೋಡಿದ ಝಿಪಾರ್ ಒಳಗೋಡಿ ತನ್ನ ಚೀಲಗಳನ್ನೂ ತಿರುವಿದಳು. ಅವುಗಳಲ್ಲೂ ಊರವರದೇ ಹೊಲಿಗೆ. ಅವಳ ಮುಖ ಕಪ್ಪಿಟ್ಟಿತು.

ಬೆಳಿಗ್ಗೆ ಇಬ್ಬರೂ ಮೂಟೆಗಳನ್ನು ಹೇರಿ, ಗಾಡಿ ಕಟ್ಟಿ ಶಾಲೆಗೆ ಹೊರಟರು.

"ಜಾಸ್ತಿ ಕೊಟ್ಟೆ ಅಂತ ಮೆರೀಬೇಡ," ಅಂದಳು ಬುರುಲ್. "ಮೊದ್ಲು ಗುರುತು ಹಿಡಿದಿದ್ದು ನಾನು."

ಬೀದಿಯವರು ಕೇಳಿದರು, ಇವರು ಹೇಳಿದರು. ಸಗಿನ್‌ಬೇಕ್ ತಮಗೂ ಕೊಟ್ಟಿದ್ದ ಮೂಟೆಗಳನ್ನು ಒಬ್ಬೊಬ್ಬರಾಗಿ ಹೊರತಂದರು. ಅಂದು ಶಾಲೆಯ ಚಿಮಣಿಯಲ್ಲಿ ಹೊಗೆ ಕಂಡಿತು. ಚುನಾವಣೆಯಲ್ಲಿ ಯಾರು ಯಾರಿಗೆ ಹಾಕಿದರೋ, ನಾವು ಕೇಳಬಾರದು. ಸಗಿನ್‌ಬೇಕ್ ಮಾತ್ರ ಬೀಗದ ಕೈ ಒಪ್ಪಿಸಿ ಹೋದ.

ಅಕ್ಕಂದಿರೇ, ಅಣ್ಣಂದಿರೇ, ಪಕ್ಕದ ಮನೆಗೆ ಬಂದದ್ದು ನಮಗೆ ಬರಲಿಲ್ಲವಲ್ಲ ಎಂದು ಹೊಟ್ಟೆ ಉರಿದರೆ, ಅದು ಎಲ್ಲಿಂದ ಬಂತು ಎಂದೂ ಕೇಳಿ. ಓಟಿಗೆಂದು ಯಾರಾದರೂ ಮೂಟೆ ತಂದರೆ ಚೀಲ ತಿರುವಿ ನೋಡಿ. ತೇಪೆ ನಿಮ್ಮದೇ ಇದ್ದೀತು.