ಬೀಗಿತ್ತಿಯ ಸೈರಣೆ

ನನ್ನ ಮಗ ರವಿಚಂದ್ರನಿಗೆ ಹೆಣ್ಣುಮಗು ಹುಟ್ಟಿದ ದಿನ ನಾನು ಅಶೋಕಪುರಂ ಪೂರ್ತಿ ಸಕ್ಕರೆ ಹಂಚಿದೆ. ಹೋದ ಕಡೆಯಲ್ಲೆಲ್ಲ, "ಮಗೀಗೆ ನನ್ನ ಹೆಸ್ರೇ ಕಣ್ರಮ್ಮ, ಪುಟ್ಟತಾಯಮ್ಮ" ಎಂದು ಸಾರಿಕೊಂಡು ಬಂದೆ. ನಮ್ಮವರಲ್ಲಿ ಮೊದಲ ಹೆಣ್ಣುಮಗುವಿಗೆ ಅಪ್ಪನ ತಾಯಿಯ ಹೆಸರೇ. ನನಗೂ ನನ್ನಜ್ಜಿಯ ಹೆಸರು, ಅವಳಿಗೆ ಅವಳಜ್ಜಿಯದು. ಹೀಗೇ ಹಿಂದಕ್ಕೆ ಹೋದರೆ ಮೈಸೂರು ಹುಟ್ಟುವುದಕ್ಕೆ ಮುಂಚೆಯೇ ಒಬ್ಬ ಪುಟ್ಟತಾಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿರುತ್ತಾಳೆ.

ನಾಮಕರಣಕ್ಕೆ ಮೂರು ದಿನವಿತ್ತು. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದ ರವಿ ಅನ್ನ ಕಲಸುತ್ತಲೇ ಇದ್ದ, ಬಾಯಿಗಿಡಲಿಲ್ಲ.

"ಯಾಕ್ಲಾ, ಆ ಅನ್ನ ಏನ್ ತಪ್ಪು ಮಾಡ್ತು?"

"ಅವ್ವಾ... ಮಗೀಗೆ ಸೈರಣೆ ಅಂತ ಇಡಣ ಅಂತವ್ಳೆ ಸಿಂಚನ."

"ಸೈರಣೆನಾ? ಅದೇನು ಹೆಸ್ರೋ, ಕೆಮ್ಮಿನ್ ಔಷ್ದಿನೋ?"

"ತಾಳ್ಕೊಳೋ ಗುಣ ಕಣವ್ವ. ಎಂಥ ಕಷ್ಟ ಬಂದ್ರೂ ಮೊಕ ಸಿಂಡರಿಸ್ದೆ, ಯಾರ್ನೂ ಬಯ್ಯದೆ ಸೈರಿಸ್ಕೊಂಡಿರೋದು. ಯಾರೂ ಇಟ್ಟಿಲ್ಲ ಈ ಹೆಸ್ರ."

"ಯಾಕ್ ಇಟ್ಟಿಲ್ಲ ಅಂತ ಗೊತ್ತಾಯ್ತಲ್ಲ. ಎಲ್ಲಿಂದ್ ಬಂತು ಇದು?"

ಬಾಯಿ ಬಿಡಿಸುವಷ್ಟರಲ್ಲಿ ಸಾರು ಆರಿ ಐಸಾಯಿತು. ನನ್ನ ಸೊಸೆ ಸಿಂಚನ ಬಸುರಿಯಾಗಿದ್ದಾಗ ಎರಡು ತಿಂಗಳು ಆಸ್ಪತ್ರೆಯ ಮಂಚದಲ್ಲೇ ಮಲಗಿರಬೇಕಾಗಿ ಬಂದಿತ್ತು. ಅವಳ ತಾಯಿ, ಲಕ್ಷ್ಮೀಪುರಂನ ನನ್ನ ಬೀಗಿತ್ತಿ ಚೆಲುವಮ್ಮ, ಅಷ್ಟೂ ದಿನ ನೆಲದ ಮೇಲೆ ಚಾಪೆ ಹಾಸಿಕೊಂಡು ಮಗಳ ಪಕ್ಕದಲ್ಲಿದ್ದಳು. ಮಗಳು ಎಷ್ಟು ಸಿಡುಕಿದರೂ ಇವಳು ಒಂದು ಸಲವೂ ಸಿಡುಕಲಿಲ್ಲವಂತೆ. ಅದನ್ನು ಕಂಡ ನರ್ಸು, 'ಏನ್ ಸೈರಣೆ ಅಮ್ಮಾ ನಿಮ್ದು!' ಅಂದಳಂತೆ. ಅಲ್ಲಿಗೆ ಮಗುವಿಗಿಂತ ಮೊದಲು ಹೆಸರು ಹುಟ್ಟಿಬಿಟ್ಟಿತು.

ನಾನೇನು ಕಾಲು ಚಾಚಿ ಕೂತಿದ್ದೆನೇ? ದಿನಾ ಎರಡು ಬಸ್ಸು ಹತ್ತಿ ಸೊಪ್ಪಿನ ಸಾರು ಹೊತ್ತೆ. ನಾನು ಹಿಡಿದೂ ಹಿಡಿದೂ ಬಸ್ಸಿನ ಕಂಬಿ ಸವೆದು ದಾರವಾಗಿತ್ತು. ಆದರೆ ನಾನು ಡಾಕ್ಟರಿಗೂ ಬೈದೆ, ಆಯಾಗೂ ಬೈದೆ, ಲಿಫ್ಟಿಗೂ ಬೈದೆ. ಬೈದವರ ಗುಣ ನೋಡಿ ಯಾರು ಮಗುವಿಗೆ ಹೆಸರಿಡುತ್ತಾರೆ?

ನನ್ನ ಹೊಟ್ಟೆ ಎಷ್ಟು ಉರಿಯಿತೆಂದರೆ, ಮೇಲೊಂದು ಹಂಡೆ ಇಟ್ಟಿದ್ದರೆ ಇಡೀ ಬೀದಿಗೆ ಸ್ನಾನದ ನೀರು ಕಾಯುತ್ತಿತ್ತು.

ಕೊನೆಗೆ ಹೆಸರು ಸೈರಣೆ ಎಂದೇ ಗಟ್ಟಿಯಾಯಿತು. ನಾಮಕರಣದ ದಿನ ಚೆಲುವಮ್ಮ ಹಸಿರು ಮೈಸೂರು ಸಿಲ್ಕ್ ಉಟ್ಟು ಬಂದಳು.

"ಏನ್ ಬೀಗ್ತಮ್ಮ, ಇವತ್ತು ಮದ್ವೆ ಹೆಣ್ಣು ನೀವೇಯಾ?" ಎಂದೆ.

"ನೀವು ನೋಡ್ಲಿ ಅಂತ್ಲೇ ಉಟ್ಕೊಂಡ್ ಬಂದೆ ಅಕ್ಕ" ಎಂದು ನಕ್ಕಳು. ಇಂಥವರ ಜೊತೆ ಜಗಳವಾದರೂ ಹೇಗೆ ಆಡುವುದು?

ಮಗುವಿನ ಕಿವಿಯಲ್ಲಿ ಹೆಸರನ್ನು ಮೂರು ಸಲ ಹೇಳಬೇಕು. ಅದು ಸೋದರತ್ತೆಯ ಕೆಲಸ. ನನಗೆ ಹೆಣ್ಣುಮಕ್ಕಳಿಲ್ಲ. ಪಕ್ಕದ ಮನೆಯ ಮಾದೇವಮ್ಮ, "ಚೆಲುವಮ್ಮೋರೇ ಹೇಳ್ಲಿ ಬುಡಿ, ಮುತ್ತೈದೆ" ಎಂದಳು. ನನ್ನ ಗಂಡ ಸತ್ತ ದಿನ ನನ್ನನ್ನು ತಬ್ಬಿಕೊಂಡು ಅತ್ತ ಬಾಯಿ ಅದು.

ಚೆಲುವಮ್ಮ ಮಗುವನ್ನು ತಂದು ನನ್ನ ಮಡಿಲಿಗೇ ಹಾಕಿದಳು. "ಅಪ್ಪನ ತಾಯಿ ಇರೋವಾಗ ನಾನ್ಯಾಕೆ? ನೀವೇ ಹೇಳಿ ಅಕ್ಕ."

ಹೆಸರೂ ಅವಳದೇ, ದೊಡ್ಡತನವೂ ಅವಳದೇ. ನನ್ನ ಪಾಲಿಗೆ ಉಳಿದದ್ದು ಮಗುವಿನ ಕಿವಿಯೊಂದೇ.

ಚೆಲುವಮ್ಮ ಪಕ್ಕದಲ್ಲಿ ಕೂತು ಕಿವಿಗೆ ವೀಳ್ಯದೆಲೆ ಮರೆ ಹಿಡಿದಳು. ನಾನು ಬಗ್ಗಿ, "ಪುಟ್ಟತಾಯಮ್ಮ" ಎಂದು ಉಸುರಿದೆ. ಒಂದು ಸಲವಲ್ಲ, ಮೂರು ಸಲವೂ.

ತಲೆಯೆತ್ತಿದರೆ ಬೀಗಿತ್ತಿಯ ಕಣ್ಣು ನನ್ನ ಮೇಲೆಯೇ ಇತ್ತು. ಕೇಳಿಸಿಕೊಂಡುಬಿಟ್ಟಿದ್ದಳು.

"ಸರಿಯಾಗ್ ಹೇಳಿದ್ರಾ ಅಮ್ಮ?" ಸಿಂಚನ ತಾಯಿಯನ್ನು ಕೇಳಿದಳು. ನಾನು ಮಗುವಿನ ಕುಲಾವಿ ಸರಿಮಾಡತೊಡಗಿದೆ.

"ಮೂರ್ ಸಲಾನೂ ಸ್ಪಷ್ಟವಾಗ್ ಹೇಳಿದ್ರು ಕಣೆ" ಎಂದಳು ಚೆಲುವಮ್ಮ.

ಎಲ್ಲರೂ 'ಸೈರಣೆ, ಸೈರಣೆ' ಎಂದು ತೊಟ್ಟಿಲು ತೂಗಿದರು. ನಾನು ಬೀಗಿತ್ತಿಯ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ.

"ಯಾಕ್ರೀ ಸುಮ್ನಿದ್ರಿ? ನಾಕ್ ಜನದ್ ಮುಂದೆ ನನ್ನ ಮಾನ ಕಳೀಬೋದಿತ್ತು. ಇದೂ ನಿಮ್ ಸೈರಣೆನಾ?"

ಒಬ್ಬಟ್ಟಿಗೆ ತುಪ್ಪ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು. ಮೊದಲ ಸಲ ಅವಳ ಮುಖದಲ್ಲಿ ನಗುವಿರಲಿಲ್ಲ.

"ಯಾವ ಸೈರಣೆ ಅಕ್ಕ? ಎರಡು ತಿಂಗಳು ಪಕ್ಕದಲ್ಲಿದ್ದೆ, ನನ್ನ ಮಗಳು ನನ್ನ ನೋಡಿ ಒಂದ್ ದಿನ ನಗ್ಲಿಲ್ಲ. ನೀವು ಬಂದು ಆ ದೊಡ್ಡ ಡಾಕ್ಟ್ರು ಥರ ಹೊಟ್ಟೆ ಮುಂದ್ ಮಾಡ್ಕೊಂಡು ನಡೆದ್ರೆ ಬಿದ್ದು ಬಿದ್ದು ನಗೋಳು. ಬೆಳಗ್ಗೆಯಿಂದ, 'ಅತ್ತೆ ಎಷ್ಟೊತ್ತಿಗ್ ಬರ್ತಾರೆ?' ಅಂತ ಒಂದೇ ಪ್ರಶ್ನೆ. ನಂಗೆ ಒಳಗೊಳಗೇ ಉರೀತಿತ್ತು. ಆ ಉರೀನ ನುಂಗ್ಕೊಂಡ್ ಕೂತಿದ್ದೆ ನೋಡಿ, ಅದನ್ನೇ ಆ ನರ್ಸು ಸೈರಣೆ ಅಂದಿದ್ದು."

"ನನ್ನ ಕಂಡು ನಿಮಗೆ ಹೊಟ್ಟೆಕಿಚ್ಚಾ?"

"ಹೂಂ ಕಣಕ್ಕ. ಇವತ್ತಿಗೂ."

ಸುಳ್ಳೇಕೆ ಹೇಳಲಿ, ಆ ಮಾತು ಒಬ್ಬಟ್ಟಿಗಿಂತ ಸಿಹಿಯಾಗಿತ್ತು. "ಇನ್ನೊಂದ್ ಸಲ ಹೇಳಿ" ಎಂದೆ. ಅವಳು ತುಪ್ಪದ ಬಟ್ಟಲು ಎತ್ತಿಕೊಂಡು ಹೋದಳು.

ಎಲ್ಲರೂ ಎಲೆಯ ಮುಂದೆ ಕೂತಾಗ ನಾನು ತೊಟ್ಟಿಲ ಹತ್ತಿರ ಹೋದೆ. ಮಗು ಎಚ್ಚರವಾಗಿತ್ತು. ಬಗ್ಗಿ, "ಸೈರಣೆ" ಎಂದೆ. ಇನ್ನೊಂದು ಸಲ, "ಸೈರಣೆ." ಮೂರನೆಯದನ್ನೂ ಹೇಳಿದೆ, ಸ್ವಲ್ಪ ಸಣ್ಣ ದನಿಯಲ್ಲಿ.