ಹೊಸ್ತಿಲಲ್ಲೊಂದು ಹಳದಿ ಸ್ಟೂಲು

ಮತ್ತೆ ನೀರು ಚಿಮ್ಮಿತು, ಕನ್ನಡಕದ ಗಾಜು ಅರೆಯುವ ಚಕ್ರದ್ದು, ಫೋನಿನ ಮೇಲೆಲ್ಲ ಬಿಳಿ ಹನಿ, ಏಪ್ರನ್ನಿನ ತುದಿಯಿಂದ ಒರೆಸಿದರೆ ಅಂಕಿ ಮಾತ್ರ ಓಡುತ್ತಲೇ ಇದೆ, ಇನ್ನು ನಲವತ್ತು ನಿಮಿಷ, ಆಮೇಲೆ ಆಟದೊಳಗಿನ ಆ ಮನೆ ನೆಲಸಮ, ಮೂರು ವರ್ಷ ಒಂದೊಂದೇ ಪರದೆ, ಒಂದೊಂದೇ ದೀಪ ಹುಡುಕಿ ತಂದು ಅವಳು ಸಿಂಗರಿಸಿದ ಮನೆ, ಆದರೆ ಇರುವುದು ಅಕ್ಕನ ಹೆಸರಲ್ಲಿ, ಒಡತಿ ನಲವತ್ತೈದು ದಿನ ಒಳಗೆ ಕಾಲಿಡದಿದ್ದರೆ ಕೆಡವುತ್ತಾರಂತೆ, ಯಾವ ಪುಣ್ಯಾತ್ಮ ಮಾಡಿದ ಕಾನೂನೋ, ತಂಗಿ ದಿನಾ ಹೋಗುತ್ತಾಳೆ, ಅದು ಲೆಕ್ಕಕ್ಕಿಲ್ಲ, ಅವಳು ಬರೀ ಜೊತೆಗಿರುವವಳು, ತಾನಿಟ್ಟದ್ದನ್ನು ಎತ್ತಬಹುದು, ಅಕ್ಕ ಇಟ್ಟದ್ದನ್ನು ಮುಟ್ಟುವಂತಿಲ್ಲ — ಅದಕ್ಕೇ ಅಕ್ಕ ಇಟ್ಟ ಆ ಸ್ಟೂಲು ಇನ್ನೂ ಅಲ್ಲೇ, ಹೊಸ್ತಿಲು ದಾಟಿದರೆ ಎದುರಿಗೇ, ನೀಲಿ ಗೋಡೆ ನೀಲಿ ಜಮಖಾನೆಯ ನಡುವೆ ದರಿದ್ರ ಹಳದಿ ಸ್ಟೂಲು, ಬಂದವರೆಲ್ಲ ಎಡವಿ ಇದೇನ್ರೀ ಇದು ಅಂತಾರೆ, ಏನಂತ ಹೇಳುವುದು, ನಮ್ಮಕ್ಕನ ಹಠ ಅಂತಲೇ?

ಅಷ್ಟಕ್ಕೂ ತಪ್ಪೇನು ಮಾಡಿದ್ದಳು, ಅಕ್ಕ ಹೊಟ್ಟೆ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದ ವಾರ ರಜೆ ಹಾಕಿ ಅಕ್ಕನ ಅಡುಗೆಮನೆ ಉಜ್ಜಿದಳು, ಡಬ್ಬಿ ತೊಳೆದು ಮೇಲಿನ ಹಲಗೆಯಲ್ಲಿ ಸಾಲಾಗಿ ಜೋಡಿಸಿದಳು, ಕಾಲು ಅಲ್ಲಾಡುವ ಹಳದಿ ಸ್ಟೂಲನ್ನು ಗುಜರಿಗೆ ಹಾಕಿದಳು, ಒಂದು ಒಳ್ಳೇ ಮಾತು ಬೇಡವೇ, ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತು ಅಕ್ಕ ಅಂದದ್ದೇನು, ಇದು ನಾನಿರೋ ಮನೆ ಕಣೇ, ನಿನ್ನ ಆಟದ ಮನೆಯಲ್ಲ, ನನ್ನ ಒಂದ್ಮಾತು ಕೇಳಿದ್ಯಾ, ಅಷ್ಟೇ, ಅವತ್ತೇ ಮಾತು ಬಿಟ್ಟದ್ದು, ಅವತ್ತೇ ಸಂಜೆ ಆಟಕ್ಕೆ ಬಂದು ಹೊಸ್ತಿಲಲ್ಲಿ ಸ್ಟೂಲಿಟ್ಟು ಹೋದದ್ದು, ಮತ್ತೆ ಇತ್ತ ತಲೆ ಹಾಕಿಲ್ಲ, ಬೇಕಾದರೆ ಅವಳೇ ಮೊದಲು ಮಾತಾಡಲಿ, ನಾನ್ಯಾಕೆ ಸೋಲಬೇಕು — ಏನಮ್ಮಾ, ಚಕ್ರ ಸುಮ್ನೆ ತಿರುಗ್ತಾ ಇದೆಯಲ್ಲ, ಅಂಗಡಿ ಯಜಮಾನರು, ಅಯ್ಯೋ, ಗಾಜು ಅಂಚಿನಲ್ಲಿ ಚಕ್ಕೆ ಎದ್ದಿದೆ, ಹಾಳಾಗಿ ಹೋಗಲಿ, ಹನ್ನೊಂದು ನಿಮಿಷ, ಒದ್ದೆ ಬೆರಳಲ್ಲೇ ಅಕ್ಕನ ನಂಬರ್ ಒತ್ತಿದಳು, ಅಕ್ಕಾ, ಮನೆ ಕೆಡವ್ತಾರೆ, ಒಂದ್ಸಲ ಒಳಗೆ ಬಂದು ಹೋಗು.

ಆ ಕಡೆಯಿಂದ ಅಕ್ಕ, ಮೇಲಿಂದ ಉಪ್ಪಿನ ಡಬ್ಬಿ ಇಳಿಸ್ಬೇಕಂದ್ರೂ ಪಕ್ಕದ ಮನೆಯವಳನ್ನ ಕರೀತೀನಿ ಕಣೇ, ಒಂದೂವರೆ ತಿಂಗಳಾಯ್ತು, ಕೈ ಎತ್ತಿದ್ರೆ ಇನ್ನೂ ಹೊಲಿಗೆ ಎಳೆಯತ್ತೆ, ನನ್ನ ಸ್ಟೂಲ್ ಎಲ್ಲಿ? ಹೊಸದೊಂದು ತಗೋಬಾರದಿತ್ತಾ ಮಾರಾಯ್ತಿ ಅನ್ನಲು ಬಾಯಿ ತೆರೆದಳು, ನಾಚಿಕೆಯಾಯಿತು, ಕೇಳಿರಲಿಲ್ಲ, ನಿಜ, ಒಂದು ಮಾತೂ ಕೇಳಿರಲಿಲ್ಲ, ಫೋನ್ ಕಟ್ಟಾಯಿತು, ಐದು ನಿಮಿಷ, ಮೂರು, ಎರಡು, ಅಂಕಿ ಫಕ್ಕನೆ ತಿರುಗಿ ನಲವತ್ತೈದು ದಿನ — ಬಂದಳು, ಹೊಸ್ತಿಲ ಒಳಗೆ ಅಕ್ಕನ ಗೊಂಬೆ, ಎಷ್ಟು ಎತ್ತರ ಬೇಕಾದರೂ ಬೆಳೆಸಬಹುದಾದ ಆಟದಲ್ಲೂ ತನ್ನ ಹಾಗೇ ಕುಳ್ಳಗೆ ಮಾಡಿಕೊಂಡ ಗೊಂಬೆ, ಪರದೆ ನೋಡಲಿಲ್ಲ, ದೀಪ ನೋಡಲಿಲ್ಲ, ಒಂದು ಸಲ ಹಾರಿ ಸ್ಟೂಲು ಹತ್ತಿತು, ಇಳಿಯಲಿಲ್ಲ, ಅಲ್ಲೇ ನಿಂತಿದೆ, ಹಳದಿ ಸ್ಟೂಲು, ಅದರ ಮೇಲೆ ಅಕ್ಕ, ಹಳದಿ ಸ್ಟೂಲು